ಸಣ್ಣ ಕಾರ್ಖಾನೆ ಮತ್ತು ಈ.ಆರ್.ಪಿ. ವ್ಯವಸ್ಥೆ: ಒಂದು ವಿವೇಚನೆ

ಕೂಕಟ್‌ಪಲ್ಲಿ ಎಂದೊಡನೆ ಇಂದು ಹೆಚ್ಚಿನವರ ಕಣ್ಣೆದುರಿಗೆ ಬರುವುದು ಹೌಸಿಂಗ್ ಬೋರ್ಡ್ ಕಾಲನಿಯ ಜನಸಂದಣಿ, ಜವಾಹರಲಾಲ್ ನೆಹರೂ ತಾಂತ್ರಿಕ ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಮೂಹ, 2017ರ ನವೆಂಬರಿನಿಂದ ತಲೆಯ ಮೇಲೆ ಓಡಾಡುತ್ತಿರುವ ಮೆಟ್ರೋ ರೈಲು. ಹುಮನಾಬಾದು, ಜಹೀರಾಬಾದುಗಳನ್ನು ದಾಟಿ ಮುಂಬಯಿ ಹೆದ್ದಾರಿಯ ಮೂಲಕ ಹೈದರಾಬಾದನ್ನು ಪ್ರವೇಶಿಸುವ ಕನ್ನಡಿಗನಿಗೆ ಮಹಾನಗರದ ಮೊದಲ ಗದ್ದಲ ಕೇಳಿಸುವುದೂ ಇಲ್ಲಿಯೇ. ಆದರೆ ಹೆದ್ದಾರಿಯನ್ನು ಬಿಟ್ಟು ಪ್ರಶಾಂತಿನಗರದ ಕೈಗಾರಿಕಾ ವಸಾಹತಿನ ಕಡೆಗೆ ತಿರುಗಿದರೆ ಇನ್ನೊಂದು ಕೂಕಟ್‌ಪಲ್ಲಿ ಕಾಣಸಿಗುತ್ತದೆ. ತಗಡಿನ ಚಾವಣಿ, ಲೇತ್ ಯಂತ್ರದ ಸದ್ದು, ಬಾಗಿಲಲ್ಲಿ ಸರಕಿಳಿಸುತ್ತಿರುವ ಆಟೋ ಟ್ರಾಲಿ, ಒಳಗೊಂದು ಮೂಲೆಯಲ್ಲಿ ಗಾಜಿನ ಕೋಣೆ. ಆ ಕೋಣೆಯಲ್ಲಿ ಒಂದು ಗಣಕಯಂತ್ರ ಮತ್ತು ಅದರ ಪಕ್ಕದಲ್ಲಿಯೇ ಮೂಲೆ ಸುಕ್ಕುಗಟ್ಟಿದ ಹತ್ತಾರು ರಿಜಿಸ್ಟರುಗಳು.

ಈ ಪ್ರದೇಶಕ್ಕೆ ಕಾರ್ಖಾನೆಗಳು ಬಂದ ಬಗೆಯನ್ನು ಎರಡು ಮಾತಿನಲ್ಲಿ ಹೇಳಬಹುದು. 1961ರಲ್ಲಿ ಸ್ಥಾಪಿತವಾದ ಇಂಡಿಯನ್ ಡ್ರಗ್ಸ್ ಅಂಡ್ ಫಾರ್ಮಸ್ಯೂಟಿಕಲ್ಸ್ ಸಂಸ್ಥೆಯು ಸೋವಿಯತ್ ಒಕ್ಕೂಟದ ನೆರವಿನಿಂದ ನೆರೆಯ ಬಾಲಾನಗರದಲ್ಲಿ ಔಷಧ ಕಾರ್ಖಾನೆಯನ್ನು ನಡೆಸಿತು. ಎಚ್.ಎಂ.ಟಿ., ಹಿಂದುಸ್ಥಾನ್ ಏರೋನಾಟಿಕ್ಸ್‌ಗಳ ಘಟಕಗಳೂ ಬಾಲಾನಗರದಲ್ಲಿಯೇ ನೆಲೆಗೊಂಡವು. ಸನತ್‌ನಗರದಲ್ಲಿ ಆಲ್ವಿನ್ ಕಾರ್ಖಾನೆಯಿತ್ತು. ಈ ದೊಡ್ಡ ಮರಗಳ ನೆರಳಿನಲ್ಲಿ ಬಿಡಿಭಾಗ ಒದಗಿಸುವ ನೂರಾರು ಸಣ್ಣ ಘಟಕಗಳು ಮೊಳೆತವು. ಔಷಧ ಕಾರ್ಖಾನೆಯಲ್ಲಿ ಪಳಗಿದ ರಸಾಯನ ತಜ್ಞರು ಹೊರಬಂದು ಸ್ವಂತ ಉದ್ಯಮ ಹೂಡಿದರು, 1984ರಲ್ಲಿ ಡಾ. ರೆಡ್ಡೀಸ್ ಸಂಸ್ಥೆಯನ್ನು ಆರಂಭಿಸಿದ ಕೆ. ಅಂಜಿರೆಡ್ಡಿಯವರು ಅಂಥವರಲ್ಲಿ ಒಬ್ಬರು. ದೊಡ್ಡ ಮರಗಳಲ್ಲಿ ಕೆಲವು ಈಗ ಒಣಗಿವೆ. ಸಣ್ಣ ಗಿಡಗಳು ಉಳಿದಿವೆ. ಅವುಗಳ ಮಾಲೀಕರಲ್ಲಿ, ಮೇಸ್ತ್ರಿಗಳಲ್ಲಿ, ಗುಮಾಸ್ತರಲ್ಲಿ ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳಿಂದ ಬಂದ ಕನ್ನಡಿಗರೂ ಇದ್ದಾರೆ.

ಇಂತಹ ಕಾರ್ಖಾನೆಗಳ ಮಾಲೀಕರನ್ನು ಕಳೆದ ಕೆಲವು ವರ್ಷಗಳಿಂದ ಕಾಡುತ್ತಿರುವ ಒಂದು ಪ್ರಶ್ನೆ ಈ.ಆರ್.ಪಿ. ಎಂಬ ಮೂರಕ್ಷರದ್ದು. ಎಂಟರ್‌ಪ್ರೈಸ್ ರಿಸೋರ್ಸ್ ಪ್ಲಾನಿಂಗ್ ಎಂಬುದು ಅದರ ಪೂರ್ಣರೂಪ. ಉದ್ಯಮ ಸಂಪನ್ಮೂಲ ಯೋಜನೆ ಎಂದು ಕನ್ನಡದಲ್ಲಿ ಹೇಳಬಹುದಾದರೂ ಹಾಗೆಂದ ಮಾತ್ರಕ್ಕೆ ಅರ್ಥ ಸ್ಪಷ್ಟವಾಗುವುದಿಲ್ಲ. ಮಾರುವವರು ಬಂದು ಬಣ್ಣದ ಚಿತ್ರಗಳನ್ನು ತೋರಿಸಿ ಹೋಗುತ್ತಾರೆ. ಲೆಕ್ಕಪರಿಶೋಧಕರು ಬೇಕೆನ್ನುತ್ತಾರೆ. ಹಳೆಯ ಗುಮಾಸ್ತನು ಬೇಡವೆನ್ನುತ್ತಾನೆ. ಇವರ ನಡುವೆ ನಿಂತ ಮಾಲೀಕನಿಗೆ ಆ ವಸ್ತುವಿನ ಸ್ವರೂಪವನ್ನು ನಿಧಾನವಾಗಿ ತಿಳಿಸುವವರು ವಿರಳ.

ಮೂಲ ಕಲ್ಪನೆ

ವಾಣಿಜ್ಯಶಾಸ್ತ್ರ ಓದಿದವರಿಗೆ ಇದು ತೀರ ಹೊಸ ವಿಷಯವಲ್ಲ. ಇಟಲಿಯ ಲೂಕಾ ಪಾಚೋಲಿ ಎಂಬ ಗಣಿತಜ್ಞ ಪಾದ್ರಿಯು 1494ರಲ್ಲಿ ಅಚ್ಚು ಹಾಕಿಸಿದ ಗ್ರಂಥದಲ್ಲಿ ದ್ವಿನಮೂದು ಪದ್ಧತಿಯನ್ನು ವಿವರಿಸಿದನು. ಒಂದು ವ್ಯವಹಾರಕ್ಕೆ ಎರಡು ಮುಖ. ಒಂದು ಕಡೆ ಖರ್ಚು ಬಿದ್ದರೆ ಇನ್ನೊಂದು ಕಡೆ ಜಮಾ ಬೀಳಲೇಬೇಕು. ಆದರೆ ಈ ಪದ್ಧತಿಯು ಹಿಡಿದಿಡುವುದು ಹಣವನ್ನು. ಉಗ್ರಾಣದಿಂದ ಹೊರಟ ಕಬ್ಬಿಣದ ಸರಳು ಲೇತ್ ಯಂತ್ರದ ಬಳಿ ಎಷ್ಟು ಹೊತ್ತು ನಿಂತಿತು, ಅದರಲ್ಲಿ ಎಷ್ಟು ತುಂಡುಗಳು ಕೆಟ್ಟವು, ಉಳಿದವು ಯಾರ ಬಳಿ ಮೆರುಗು ಹಾಕಿಸಿಕೊಳ್ಳಲು ಹೋಗಿವೆ – ಇವು ಖಾತಾವಹಿಯಲ್ಲಿ ಕಾಣವು. ಅದಕ್ಕಾಗಿ ಉಗ್ರಾಣದವನು ಒಂದು ಪುಸ್ತಕ, ಮೇಸ್ತ್ರಿಯು ಒಂದು ಪುಸ್ತಕ, ಖರೀದಿಯವನು ಒಂದು ಪುಸ್ತಕ, ಲೆಕ್ಕದವನು ಒಂದು ಪುಸ್ತಕ ಇಡುತ್ತಾರೆ. ನಾಲ್ಕು ಪುಸ್ತಕಗಳು ಒಂದೇ ಮಾತನ್ನು ಹೇಳಬೇಕು. ಹೇಳುವುದಿಲ್ಲ.

ನಾಲ್ಕು ಪುಸ್ತಕಗಳ ಬದಲಿಗೆ ಒಂದೇ ಪುಸ್ತಕವಿರಲಿ. ಒಂದು ಸಂಗತಿ ನಡೆದಾಗ ಅದನ್ನು ನಡೆದ ಸ್ಥಳದಲ್ಲಿಯೇ, ನಡೆದ ಹೊತ್ತಿನಲ್ಲಿಯೇ, ಒಂದೇ ಸಲ ಬರೆಯಲಿ. ಮಿಕ್ಕವರೆಲ್ಲರೂ ಅದನ್ನೇ ತಮ್ಮ ತಮ್ಮ ಕಿಟಕಿಯಿಂದ ನೋಡಲಿ – ಈ.ಆರ್.ಪಿ. ಎಂಬುದರ ತಿರುಳು ಇಷ್ಟೇ. ಸರಕು ಬಾಗಿಲಿಗೆ ಬಂದಾಗ ಉಗ್ರಾಣದವನು ಸ್ವೀಕೃತಿ ಬರೆದರೆ ದಾಸ್ತಾನು ಏರುತ್ತದೆ, ಖರೀದಿಯ ಆದೇಶದಲ್ಲಿ ಬಾಕಿ ಇಳಿಯುತ್ತದೆ, ಸರಬರಾಜುದಾರನಿಗೆ ಕೊಡಬೇಕಾದ ಹಣವು ಲೆಕ್ಕದಲ್ಲಿ ನಿಲ್ಲುತ್ತದೆ. ಮೂವರು ಬರೆಯುವ ಕೆಲಸವನ್ನು ಒಬ್ಬನು ಬರೆದಂತಾಯಿತು. ಆ ಒಬ್ಬನು ತಪ್ಪು ಬರೆದರೆ ಮೂರು ಕಡೆಯೂ ತಪ್ಪೇ ಎಂಬುದನ್ನು ಮಾರಾಟದವರು ಸಾಮಾನ್ಯವಾಗಿ ಹೇಳುವುದಿಲ್ಲ.

ಈ ವ್ಯವಸ್ಥೆ ಒಂದೇ ದಿನ ಹುಟ್ಟಿದ್ದಲ್ಲ. 1960ರ ದಶಕದಲ್ಲಿ ಐ.ಬಿ.ಎಂ. ಸಂಸ್ಥೆಯ ಜೋಸೆಫ್ ಓರ್ಲಿಕಿ ಮೊದಲಾದವರು ಕಾರ್ಖಾನೆಗೆ ಬೇಕಾಗುವ ಸಾಮಗ್ರಿಯನ್ನು ಗಣಕಯಂತ್ರದ ಮೂಲಕ ಲೆಕ್ಕ ಹಾಕುವ ಕ್ರಮವನ್ನು ರೂಪಿಸಿದರು. ಓರ್ಲಿಕಿಯ ಗ್ರಂಥ 1975ರಲ್ಲಿ ಹೊರಬಂದಿತು. 1980ರ ದಶಕದಲ್ಲಿ ಆಲಿವರ್ ವೈಟ್ ಎಂಬವರು ಅದಕ್ಕೆ ಯಂತ್ರಗಳ ಸಾಮರ್ಥ್ಯವನ್ನೂ ಹಣಕಾಸನ್ನೂ ಜೋಡಿಸಿದರು. ಈ.ಆರ್.ಪಿ. ಎಂಬ ಹೆಸರನ್ನು 1990ರಲ್ಲಿ ಇಟ್ಟದ್ದು ಅಮೆರಿಕದ ಗಾರ್ಟ್‌ನರ್ ಸಂಸ್ಥೆ. ಐ.ಬಿ.ಎಂ. ಬಿಟ್ಟು ಬಂದ ಐವರು ಜರ್ಮನಿಯಲ್ಲಿ 1972ರಲ್ಲಿ ಕಟ್ಟಿದ ಸ್ಯಾಪ್ ಸಂಸ್ಥೆ ಈ ಕ್ಷೇತ್ರದಲ್ಲಿ ಎಲ್ಲರಿಗೂ ಪರಿಚಿತ. ನಮ್ಮ ದೇಶದ ಸಣ್ಣ ವ್ಯಾಪಾರಿಗಳಿಗೆ ಹೆಚ್ಚು ಆಪ್ತವಾದದ್ದು ಬೆಂಗಳೂರಿನ ಟ್ಯಾಲಿ. ಶ್ಯಾಮಸುಂದರ ಗೋಯೆಂಕಾ ಮತ್ತು ಅವರ ಪುತ್ರ ಭರತ್ ಗೋಯೆಂಕಾ 1986ರಲ್ಲಿ ಆರಂಭಿಸಿದ ಆ ಸಂಸ್ಥೆಯ ತಂತ್ರಾಂಶವು ಮೂಲತಃ ಲೆಕ್ಕಪತ್ರದ್ದು. ಅಂಗಡಿ, ಏಜೆನ್ಸಿ ಮುಂತಾದವುಗಳಿಗೆ ಅದು ಧಾರಾಳವಾಗಿ ಸಾಕು. ಮುಂಬಯಿಯಲ್ಲಿ ಹುಟ್ಟಿದ ಈ.ಆರ್.ಪಿ. ನೆಕ್ಸ್ಟ್ ಎಂಬುದು ಪರವಾನಗಿ ಶುಲ್ಕವಿಲ್ಲದೆ ದೊರೆಯುವ ಮುಕ್ತ ತಂತ್ರಾಂಶ. ಬೆಲ್ಜಿಯಂ ದೇಶದ ಓಡೂ, ಸ್ಯಾಪ್‌ನವರದೇ ಸಣ್ಣ ಆವೃತ್ತಿಯಾದ ಬಿಸಿನೆಸ್ ಒನ್ ಮೊದಲಾದವೂ ಮಾರುಕಟ್ಟೆಯಲ್ಲಿವೆ. ಯಾವುದು ಉತ್ತಮ ಎಂಬ ಚರ್ಚೆಗೆ ಮಾಲೀಕರು ವ್ಯಯಿಸುವ ಕಾಲವು ಬಹಳ. ವಾಸ್ತವದಲ್ಲಿ ಸೋಲುಗೆಲುವುಗಳನ್ನು ನಿರ್ಧರಿಸುವ ಸಂಗತಿಗಳು ಬೇರೆ.

ಒಂದು ಕವಾಟದ ಲೆಕ್ಕ

ಉದಾಹರಣೆಗೆ ಒಂದು ಕಾರ್ಖಾನೆಯನ್ನು ಓದುಗರು ಕಲ್ಪಿಸಿಕೊಳ್ಳಬಹುದು. ಅದು ಇಂಥದೇ ಎಂದು ಬೆರಳು ಮಾಡಿ ತೋರಿಸಬಹುದಾದುದಲ್ಲ. ಔಷಧ ಕಾರ್ಖಾನೆಗಳಿಗೆ ಉಕ್ಕಿನ ಕವಾಟ, ಅಂದರೆ ವಾಲ್ವ್, ಮಾಡಿಕೊಡುವ ಘಟಕ. ನಲವತ್ತು ಮಂದಿ ಕೆಲಸಗಾರರು. ವರ್ಷಕ್ಕೆ 12 ಕೋಟಿ ರೂಪಾಯಿ ವಹಿವಾಟು. 2025ರ ಏಪ್ರಿಲ್ 1ರಿಂದ ಜಾರಿಗೆ ಬಂದ ವ್ಯಾಖ್ಯೆಯಂತೆ 10 ಕೋಟಿಯವರೆಗಿನ ವಹಿವಾಟಿನದು ಅತಿ ಸಣ್ಣ, 100 ಕೋಟಿಯವರೆಗಿನದು ಸಣ್ಣ, 500 ಕೋಟಿಯವರೆಗಿನದು ಮಧ್ಯಮ ಉದ್ಯಮ. ಬಂಡವಾಳ ಹೂಡಿಕೆಗೂ ಬೇರೆ ಮಿತಿಗಳಿವೆ. ಆ ಪ್ರಕಾರ ಇದು ಸಣ್ಣ ಉದ್ಯಮ.

ಒಂದು ಕವಾಟಕ್ಕೆ ಒಂದು ಒಡಲು, ಒಂದು ಗುಂಡು, ಒಂದು ದಂಡ, ಎರಡು ಟೆಫ್ಲಾನ್ ಬಳೆಗಳು, ನಾಲ್ಕು ಬೋಲ್ಟುಗಳು ಬೇಕೆನ್ನೋಣ. ಈ ಪಟ್ಟಿಗೆ ಸಾಮಗ್ರಿ ಪಟ್ಟಿ ಎಂದು ಹೆಸರು. ಅಡುಗೆಯವನ ಬಳಿ ಇರುವ ಪಾಕದ ಪ್ರಮಾಣವಿದ್ದಂತೆ. 200 ಕವಾಟಗಳಿಗೆ ಆದೇಶ ಬಂದಿತು. ಬಳೆಗಳು 400 ಬೇಕು. ಉಗ್ರಾಣದಲ್ಲಿ 150 ಇವೆ; ಹಿಂದೆ ಆದೇಶಿಸಿದ 100 ಬರಲಿವೆ. ಕೊರತೆ 150. ಬಳೆ ತಯಾರಾಗಿ ಬರಲು 15 ದಿನ ಹಿಡಿಯುತ್ತದೆ. ಜೋಡಣೆ ತಿಂಗಳ 25ಕ್ಕೆ ಆರಂಭವಾಗಬೇಕು. ಹಾಗಾದರೆ 10ನೆಯ ತಾರೀಖಿನೊಳಗೆ ಆದೇಶ ಹೋಗಲೇಬೇಕು. ಗಣಕಯಂತ್ರ ಮಾಡುವುದು ಈ ಕೂಡು-ಕಳೆಯುವ ಲೆಕ್ಕವನ್ನೇ. ಅದರಲ್ಲಿ ಯಾವ ಮಾಯವೂ ಇಲ್ಲ. ನೂರು ಬಗೆಯ ಕವಾಟಗಳಿಗೆ, ಸಾವಿರ ಬಗೆಯ ಬಿಡಿಭಾಗಗಳಿಗೆ ಪ್ರತಿದಿನವೂ ಇದೇ ಲೆಕ್ಕವನ್ನು ಬೇಸರವಿಲ್ಲದೆ ಮಾಡುತ್ತದೆಯೆಂಬುದೇ ಅದರ ಹೆಚ್ಚುಗಾರಿಕೆ.

ಆದರೆ ಉಗ್ರಾಣದಲ್ಲಿ 150 ಇವೆ ಎಂಬ ಮಾತು ನಿಜವಾಗಿರಬೇಕು. ಅಲ್ಲಿ ಇರುವುದು 90 ಆಗಿದ್ದರೆ? ರಾತ್ರಿ ಪಾಳಿಯಲ್ಲಿ ಒಂದು ಬಳೆ ಒಡೆಯಿತೆಂದು ಮೇಸ್ತ್ರಿಯು ಕಾವಲುಗಾರನಿಂದ ಬೀಗದ ಕೈ ಪಡೆದು ಒಂದು ಹಿಡಿ ತೆಗೆದುಕೊಂಡು ಹೋಗಿರುತ್ತಾನೆ; ಬೆಳಿಗ್ಗೆ ಹೇಳಿದರಾಯಿತೆಂದುಕೊಂಡು ಮರೆತಿರುತ್ತಾನೆ. ಹಿಂದೆ ಉಗ್ರಾಣದವನು ಕಣ್ಣಿನಿಂದ ನೋಡಿ ಆದೇಶ ಕೊಡುತ್ತಿದ್ದಾಗ ಈ ತಪ್ಪು ಅಲ್ಲಿಯೇ ಸರಿಹೋಗುತ್ತಿತ್ತು. ಈಗ ಯಂತ್ರವು ನಂಬಿಕೆಯಿಂದ 150 ಮಾತ್ರ ಆದೇಶಿಸುತ್ತದೆ. 25ಕ್ಕೆ ಜೋಡಣೆ ನಿಲ್ಲುತ್ತದೆ. ತಪ್ಪು ಯಾರದು ಎಂಬ ಜಗಳದಲ್ಲಿ ಎಲ್ಲರೂ ಒಮ್ಮತದಿಂದ ದೂರುವುದು ಗಣಕಯಂತ್ರವನ್ನು.

ಜಾಬ್ ವರ್ಕಿನ ವಿಷಯವಂತೂ ಈ ಪ್ರದೇಶದಲ್ಲಿ ಎಲ್ಲಕ್ಕಿಂತ ಸೂಕ್ಷ್ಮವಾದುದು. ಒಂದು ಕಾರ್ಖಾನೆಯಲ್ಲಿ ಎಲ್ಲ ಯಂತ್ರಗಳೂ ಇರುವುದಿಲ್ಲ. ಕೊರೆಯುವ ಕೆಲಸಕ್ಕೆ ಒಂದು ಗಲ್ಲಿ, ಕಾಯಿಸಿ ಗಟ್ಟಿ ಮಾಡುವುದಕ್ಕೆ ಇನ್ನೊಂದು, ಮೆರುಗಿಗೆ ಮತ್ತೊಂದು. ಮಾಲು ಚೀಟಿಯ ಮೇಲೆ ಹೋಗುತ್ತದೆ, ಚೀಟಿಯ ಮೇಲೆ ಬರುತ್ತದೆ. ನೂರು ಹೋಗಿ ತೊಂಬತ್ತಾರು ಬಂದರೆ ನಾಲ್ಕರ ಲೆಕ್ಕ ಯಾರೂ ಬರೆಯುವುದಿಲ್ಲ. ಸರಕು ಮತ್ತು ಸೇವಾ ತೆರಿಗೆಯ ಕಾನೂನಿನಂತೆ ಹೀಗೆ ಕಳುಹಿಸಿದ ಕಚ್ಚಾ ಮಾಲು ಒಂದು ವರ್ಷದೊಳಗೆ ಹಿಂತಿರುಗದಿದ್ದರೆ ಅದನ್ನು ಮಾರಾಟವೆಂದೇ ಪರಿಗಣಿಸಿ ತೆರಿಗೆ ವಿಧಿಸಬಹುದು. ಮಾಲು ಎಲ್ಲಿದೆಯೆಂದು ಹೇಳಲಾರದ ಮಾಲೀಕನು, ತಾನು ಮಾರದ ವಸ್ತುವಿಗೆ ಬಡ್ಡಿ ಸಹಿತ ತೆರಿಗೆ ಕಟ್ಟಬೇಕಾದ ಪ್ರಸಂಗ ಬರುತ್ತದೆ. ಹೊರಗಿರುವ ಮಾಲನ್ನೂ ಒಂದು ಉಗ್ರಾಣವೆಂದೇ ಭಾವಿಸಿ, ಮೆರುಗಿನವನ ಹೆಸರಿನಲ್ಲಿ ಒಂದು ದಾಸ್ತಾನು ಖಾತೆಯನ್ನು ತೆರೆಯುವ ಸೌಕರ್ಯ ಒಳ್ಳೆಯ ಈ.ಆರ್.ಪಿ.ಗಳಲ್ಲೆಲ್ಲ ಇದೆ. ಕೊಳ್ಳುವ ಮುನ್ನ ಮಾರಾಟದವನಿಂದ ಇದನ್ನೊಂದನ್ನು ಮಾಡಿಸಿ ನೋಡಿದರೆ ಸಾಕು, ಮಿಕ್ಕ ಬಣ್ಣದ ಚಿತ್ರಗಳ ಬೆಲೆ ತಿಳಿಯುತ್ತದೆ.

ಬ್ಯಾಂಕಿನ ದೃಷ್ಟಿ

ಸಣ್ಣ ಉದ್ಯಮಿಯು ದುಡಿಮೆಯ ಬಂಡವಾಳಕ್ಕೆ ನಂಬಿರುವುದು ಬ್ಯಾಂಕಿನ ಕ್ಯಾಷ್ ಕ್ರೆಡಿಟ್ ಖಾತೆಯನ್ನು. ಮಂಜೂರಾದ ಮಿತಿ ಎಷ್ಟೇ ಇರಲಿ, ಹಣ ತೆಗೆಯುವ ಅರ್ಹತೆಯು ತಿಂಗಳು ತಿಂಗಳೂ ಸಲ್ಲಿಸುವ ದಾಸ್ತಾನು ಪಟ್ಟಿಯನ್ನು ಅವಲಂಬಿಸಿರುತ್ತದೆ. ಇದಕ್ಕೆ ಡ್ರಾಯಿಂಗ್ ಪವರ್ ಎಂದು ಹೆಸರು. ಮೇಲಿನ ಕಾರ್ಖಾನೆಯ ದಾಸ್ತಾನು 60 ಲಕ್ಷ ರೂಪಾಯಿ ಎಂದು ಪಟ್ಟಿ ಹೇಳುತ್ತದೆ ಎನ್ನೋಣ. ಅದರಲ್ಲಿ ಸರಬರಾಜುದಾರರಿಗೆ ಕೊಡಬೇಕಾದ 20 ಲಕ್ಷ ಕಳೆದರೆ 40 ಲಕ್ಷ. ಅದರ ಮೇಲೆ ಶೇಕಡಾ 25ರ ಅಂಚು ಬಿಟ್ಟರೆ 30 ಲಕ್ಷ. ಗಿರಾಕಿಗಳಿಂದ 90 ದಿನಗಳೊಳಗಿನ ಬಾಕಿ 80 ಲಕ್ಷ; ಶೇಕಡಾ 40 ಅಂಚು ಬಿಟ್ಟರೆ 48 ಲಕ್ಷ. ಒಟ್ಟು ಅರ್ಹತೆ 78 ಲಕ್ಷ. (ಅಂಚಿನ ಪ್ರಮಾಣವು ಬ್ಯಾಂಕಿನಿಂದ ಬ್ಯಾಂಕಿಗೆ, ಸಾಲದಿಂದ ಸಾಲಕ್ಕೆ ಬೇರೆ.)

ವರ್ಷಾಂತ್ಯದಲ್ಲಿ ನಿಜವಾಗಿ ಎಣಿಸಿದಾಗ ದಾಸ್ತಾನು 42 ಲಕ್ಷ ಮಾತ್ರ ಇತ್ತೆಂದು ತಿಳಿಯಿತು. ಯಾರೂ ಕದ್ದಿಲ್ಲ. ಕೆಟ್ಟ ತುಂಡುಗಳನ್ನು ಬರೆದಿರಲಿಲ್ಲ, ಮೆರುಗಿನವನ ಬಳಿ ಉಳಿದದ್ದನ್ನು ಕಳೆದಿರಲಿಲ್ಲ, ಎರಡು ಹೆಸರಿನಲ್ಲಿದ್ದ ಒಂದೇ ಮಾಲನ್ನು ಎರಡು ಬಾರಿ ಕೂಡಿಸಲಾಗಿತ್ತು. ಆಗ ಅರ್ಹತೆಯು 64 ಲಕ್ಷ 50 ಸಾವಿರಕ್ಕೆ ಇಳಿಯುತ್ತದೆ. 78 ಲಕ್ಷವನ್ನೂ ತೆಗೆದಿದ್ದರೆ 13 ಲಕ್ಷ 50 ಸಾವಿರ ರೂಪಾಯಿಯನ್ನು ಕೂಡಲೆ ತುಂಬಬೇಕು. ಸಣ್ಣ ಉದ್ಯಮಿಯ ಬಳಿ ಅಷ್ಟು ಹಣ ಮೇಜಿನ ಒಳಗೆ ಇರುವುದಿಲ್ಲ. ಅಡವಿಗೆ ಇಟ್ಟಿರುವುದು ಬಹುತೇಕ ಸಂದರ್ಭಗಳಲ್ಲಿ ವಾಸದ ಮನೆಯನ್ನು. ಮೂರು ತಿಂಗಳಿಗಿಂತ ಹಳೆಯದಾದ ಪಟ್ಟಿಯ ಆಧಾರದ ಮೇಲೆ ಹಣ ತೆಗೆದರೆ ಖಾತೆಯು ಅಕ್ರಮವೆನಿಸುತ್ತದೆ. ಆ ಸ್ಥಿತಿ 90 ದಿನ ಮುಂದುವರಿದರೆ ರಿಸರ್ವ್ ಬ್ಯಾಂಕಿನ ನಿಯಮದಂತೆ ಅದು ವಸೂಲಾಗದ ಸಾಲದ ವರ್ಗಕ್ಕೆ ಸೇರುತ್ತದೆ. ಉಗ್ರಾಣದ ಬೀಗದ ಕೈ ಕಾವಲುಗಾರನ ಬಳಿ ಇದ್ದುದಕ್ಕೂ ಕಾಲನಿಯಲ್ಲಿರುವ ಮನೆಯ ಕಾಗದಪತ್ರಗಳಿಗೂ ಹೀಗೊಂದು ನಂಟಿದೆ.

ದಾಸ್ತಾನು ಪಟ್ಟಿಯನ್ನು ತಿಂಗಳ ಕೊನೆಯ ಸಂಜೆ ಅಂದಾಜಿನಿಂದ ತುಂಬುವ ಅಭ್ಯಾಸವು ವ್ಯಾಪಕವಾಗಿದೆಯೆಂಬುದನ್ನು ಎರಡೂ ಪಕ್ಷದವರು ಬಲ್ಲರು. ಹಿಂದಿನ ತಿಂಗಳಿನದಕ್ಕೆ ಸ್ವಲ್ಪ ಸೇರಿಸಿ ಬರೆದುಬಿಡುವುದು. ಆದರೆ ಹಳೆಯ ಕಾಲದಂತೆ ಈ ಅಂದಾಜು ಇನ್ನು ಒಂಟಿಯಾಗಿ ನಿಲ್ಲುವಂತಿಲ್ಲ. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಬಂದಿತು. 2018ರ ಏಪ್ರಿಲ್ 1ರಿಂದ ಸರಕು ಸಾಗಣೆಯ ಈ-ವೇ ಬಿಲ್ ರಾಜ್ಯ ರಾಜ್ಯಗಳ ನಡುವೆ ಕಡ್ಡಾಯವಾಯಿತು. ರಾಜ್ಯದ ಒಳಗಿನ ಸಾಗಣೆಗೂ ಅದೇ ದಿನ ಅದನ್ನು ಜಾರಿಗೆ ತಂದ ಮೊದಲ ರಾಜ್ಯ ಕರ್ನಾಟಕ. ವಿದ್ಯುನ್ಮಾನ ಬಿಲ್ಲು 2020ರ ಅಕ್ಟೋಬರ್ 1ರಂದು 500 ಕೋಟಿ ಮೀರಿದ ವಹಿವಾಟಿನವರಿಂದ ಆರಂಭವಾಗಿ, ಹಂತಹಂತವಾಗಿ ಇಳಿದು, 2023ರ ಆಗಸ್ಟ್ 1ರಿಂದ 5 ಕೋಟಿ ಮೀರಿದವರೆಲ್ಲರಿಗೂ ಅನ್ವಯಿಸಿತು. ನೋಂದಾಯಿತ ಕಂಪನಿಗಳಾದರೆ 2023ರ ಏಪ್ರಿಲ್ 1ರಿಂದ ಅವುಗಳ ಲೆಕ್ಕದ ತಂತ್ರಾಂಶವು ಪ್ರತಿಯೊಂದು ತಿದ್ದುಪಡಿಯ ದಿನಾಂಕವನ್ನೂ ದಾಖಲಿಸಬೇಕು. ಆ ದಾಖಲೆಯನ್ನು ನಿಲ್ಲಿಸಲು ಬರಬಾರದು. ಮಾರ್ಚಿ ತಿಂಗಳಲ್ಲಿ ಕುಳಿತು ಸೆಪ್ಟೆಂಬರಿನ ನಮೂದನ್ನು ಸದ್ದಿಲ್ಲದೆ ತಿದ್ದುವ ಕಾಲ ಅಂಥವರಿಗೆ ಮುಗಿಯಿತು.

ಸಣ್ಣವರಿಗೆ ಇದರಿಂದ ಒಂದು ಅನುಕೂಲವೂ ಉಂಟು. 2006ರ ಕಾಯಿದೆಯ ಪ್ರಕಾರ ಅತಿ ಸಣ್ಣ ಮತ್ತು ಸಣ್ಣ ಉದ್ಯಮಕ್ಕೆ ಕೊಡಬೇಕಾದ ಹಣವನ್ನು ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನಗಳೊಳಗೆ ಪಾವತಿ ಮಾಡತಕ್ಕದ್ದು. ಈ ಗಡುವಿಗೆ 2024ರ ಏಪ್ರಿಲ್ 1ರಿಂದ ಆದಾಯ ತೆರಿಗೆಯ ಲೆಕ್ಕವೂ ಜೋಡಣೆಯಾಯಿತು. ಗಡುವು ಮೀರಿದ ಪಾವತಿಯನ್ನು ಕೊಳ್ಳುವವನು ಆ ವರ್ಷದ ಖರ್ಚಿನಲ್ಲಿ ತೋರಿಸುವಂತಿಲ್ಲ, ನಿಜವಾಗಿ ಪಾವತಿ ಮಾಡಿದ ವರ್ಷದಲ್ಲಿ ಮಾತ್ರ ತೋರಿಸಬಹುದು. ಮಾಲು ಯಾವ ದಿನ ತಲುಪಿತು, ಯಾವ ದಿನ ಒಪ್ಪಿಗೆಯಾಯಿತು ಎಂಬುದಕ್ಕೆ ಪುರಾವೆಯಿದ್ದವನು ಮಾತ್ರ ದೊಡ್ಡ ಗಿರಾಕಿಯ ಮುಂದೆ ದನಿಯೆತ್ತಿ ಕೇಳಬಲ್ಲ.

ತಿರುಪು, ಮರಮೇಕು, ಪೇಚು

ಈ.ಆರ್.ಪಿ. ಕೊಂಡ ಸಣ್ಣ ಉದ್ಯಮಿಗಳು ಎಡವುವುದು ಎಲ್ಲಿ? ಎಲ್ಲರೂ ಊಹಿಸುವಂತೆ ಗಣಕಯಂತ್ರದ ಜ್ಞಾನದಲ್ಲಲ್ಲ, ಹೆಸರಿಡುವ ಕೆಲಸದಲ್ಲಿ. ಕೂಕಟ್‌ಪಲ್ಲಿಯ ಉಗ್ರಾಣದಲ್ಲಿ ಒಂದೇ ವಸ್ತುವನ್ನು ಕನ್ನಡದ ಮೇಸ್ತ್ರಿಯು ತಿರುಪು ಎನ್ನುತ್ತಾನೆ, ತೆಲುಗಿನವನು ಮರಮೇಕು ಎನ್ನುತ್ತಾನೆ, ಹಳೇ ಊರಿನ ಉಸ್ತಾದನು ಪೇಚು ಎನ್ನುತ್ತಾನೆ, ಬಿಲ್ಲಿನಲ್ಲಿ ಸ್ಕ್ರೂ ಎಂದಿರುತ್ತದೆ. ಇವರೆಲ್ಲರಿಗೂ ಪರಸ್ಪರ ಅರ್ಥವಾಗುತ್ತದೆ. ಯಂತ್ರಕ್ಕೆ ಆಗುವುದಿಲ್ಲ. ಅದರ ಪಾಲಿಗೆ ಅವು ನಾಲ್ಕು ವಸ್ತುಗಳು. 8 ಮಿಲಿಮೀಟರಿನ ಒಂದು ಬೋಲ್ಟು ಉದ್ದ ಮೊದಲು ಬರೆದರೆ ಒಂದು ವಸ್ತು, ದಪ್ಪ ಮೊದಲು ಬರೆದರೆ ಇನ್ನೊಂದು. ಒಂದರಲ್ಲಿ ಸಾವಿರ ಇದ್ದು ಇನ್ನೊಂದರಲ್ಲಿ ಸೊನ್ನೆಯೆಂದು ಕಂಡು ಮತ್ತೊಂದು ಸಾವಿರ ಕೊಳ್ಳುವುದು ಹೀಗೆಯೇ. ಕಿಲೋ ಲೆಕ್ಕದಲ್ಲಿ ಕೊಂಡು ಸಂಖ್ಯೆಯ ಲೆಕ್ಕದಲ್ಲಿ ಕೊಡುವ ಸರಕುಗಳ ತೊಡಕು ಬೇರೆ.

ವಸ್ತುಗಳ ಈ ಪಟ್ಟಿಯನ್ನು ಶುದ್ಧಗೊಳಿಸುವುದಕ್ಕೆ ತಂತ್ರಾಂಶದ ಬೆಲೆಗಿಂತ ಹೆಚ್ಚು ಶ್ರಮ ಬೇಕು. ಆ ಶ್ರಮವನ್ನು ಹೊರಗಿನವರು ಮಾಡಲಾರರು. ಹೊಸದಾಗಿ ಕಾಲೇಜಿನಿಂದ ಬಂದ ತರುಣನೊಬ್ಬನಿಗೆ ಇದನ್ನು ಒಪ್ಪಿಸುವ ಮಾಲೀಕರಿದ್ದಾರೆ. ಅವನು ಚುರುಕಿನಿಂದ ಟೈಪು ಮಾಡುತ್ತಾನೆ. ಆದರೆ ಎರಡು ಡಬ್ಬಿಗಳಲ್ಲಿರುವುದು ಒಂದೇ ಎಂದು ಅವನಿಗೆ ಗೊತ್ತಿಲ್ಲ. ಗೊತ್ತಿರುವವನು ಇಪ್ಪತ್ತೈದು ವರ್ಷಗಳಿಂದ ಆ ಕಪಾಟುಗಳ ನಡುವೆ ಓಡಾಡಿದ ಉಗ್ರಾಣದ ಗುಮಾಸ್ತ.

ಈ ಗುಮಾಸ್ತನ ವಿಷಯದಲ್ಲಿ ಸ್ವಲ್ಪ ಹೆಚ್ಚು ಹೇಳುವುದು ಅವಶ್ಯ. ಅವನು ಹೊಸ ವ್ಯವಸ್ಥೆಯನ್ನು ವಿರೋಧಿಸುವುದನ್ನು ಕಂಡು ಸೋಮಾರಿ, ಹಳೆಯ ಕಾಲದವನು, ಬಹುಶಃ ಕೈಬಾಯಿ ಶುದ್ಧವಿಲ್ಲದವನು ಎಂದು ತೀರ್ಮಾನಿಸುವವರುಂಟು. ಕೆಲವೊಮ್ಮೆ ಅದು ನಿಜವೂ ಆಗಿರಬಹುದು. ಆದರೆ ಹೆಚ್ಚಿನ ಸಂದರ್ಭಗಳಲ್ಲಿ ಅವನ ಭಯ ಬೇರೆ. ಅವನ ಬೆಲೆಯೆಲ್ಲ ಅವನ ನೆನಪಿನಲ್ಲಿದೆ. ಯಾವ ವಸ್ತು ಯಾವ ಮೂಲೆಯಲ್ಲಿದೆ, ಯಾವ ಸರಬರಾಜುದಾರ ಮಾತಿಗೆ ತಪ್ಪುತ್ತಾನೆ, ಯಾವ ಗಿರಾಕಿಗೆ ಯಾವ ಅಳತೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಬೇಕು – ಇದನ್ನೆಲ್ಲ ಯಂತ್ರಕ್ಕೆ ಒಪ್ಪಿಸಿದ ಮರುದಿನ ತನ್ನನ್ನು ಏಕೆ ಇಟ್ಟುಕೊಳ್ಳುತ್ತಾರೆ ಎಂಬ ಪ್ರಶ್ನೆಗೆ ಅವನಿಗೆ ಯಾರೂ ಉತ್ತರ ಕೊಟ್ಟಿರುವುದಿಲ್ಲ. ಐವತ್ತೆಂಟರ ವಯಸ್ಸಿನಲ್ಲಿ ಅದು ಸಣ್ಣ ಪ್ರಶ್ನೆಯಲ್ಲ.

ಇನ್ನೊಂದು ಮುಖವೂ ಇದೆ. ಅದೇ ಗುಮಾಸ್ತನಿಗೆ ಒಂದು ಬೆಳಿಗ್ಗೆ ಪಾರ್ಶ್ವವಾಯು ಬಡಿದು ಆಸ್ಪತ್ರೆ ಸೇರಿದನೆಂದು ಭಾವಿಸೋಣ. ಈ ಸಂಚಿಕೆಯ ಬೇರೆ ಪುಟಗಳಲ್ಲಿ ರಕ್ತದೊತ್ತಡದ ಬಗೆಗೆ ವೈದ್ಯರು ಬರೆಯುವುದನ್ನು ಓದಿದವರಿಗೆ ಇದು ಅಸಂಭವವೆನಿಸದು. ಮೊದಲ ದಿನ ಅವನ ಮೇಜಿನ ಖಾನೆಗಳನ್ನು ತೆರೆದು ಚೀಟಿಗಳನ್ನು ಹುಡುಕುತ್ತಾರೆ. ಎರಡನೆಯ ದಿನ ಯಾರೋ ಆಸ್ಪತ್ರೆಗೆ ಹೋಗಿ, ಮಾತು ತೊದಲುವ ಆ ಮನುಷ್ಯನ ಹಾಸಿಗೆಯ ಪಕ್ಕ ನಿಂತು, ದೊಡ್ಡ ಗುಂಡುಗಳು ಎಲ್ಲಿವೆ ಎಂದು ಕೇಳುತ್ತಾರೆ. ಅವನಿಗೆ ವಿಶ್ರಾಂತಿ ಬೇಕು. ಕಾರ್ಖಾನೆಗೆ ಅವನ ನೆನಪು ಬೇಕು. ಒಬ್ಬ ಮನುಷ್ಯನು ಕಾಯಿಲೆ ಬೀಳಲೂ ಸ್ವಾತಂತ್ರ್ಯವಿಲ್ಲದಂತೆ ಅವನ ಮೇಲೆ ಇಷ್ಟು ಭಾರವನ್ನು ಹೊರಿಸಿದ ವ್ಯವಸ್ಥೆಯು ಅವನಿಗಾಗಲಿ ಮಾಲೀಕನಿಗಾಗಲಿ ಹಿತವಾದುದಲ್ಲ. ಆದುದರಿಂದ ವಸ್ತುಗಳಿಗೆ ಹೆಸರಿಡುವ ಅಧಿಕಾರವನ್ನು ಅವನಿಗೇ ಕೊಡುವುದು, ಅವನ ಪಕ್ಕದಲ್ಲಿ ಟೈಪು ಮಾಡುವ ತರುಣನನ್ನು ಕೂರಿಸುವುದು, ಕೆಲಸ ಹೋಗುವುದಿಲ್ಲವೆಂದು ಮಾಲೀಕನೇ ಬಾಯಿಬಿಟ್ಟು ಹೇಳುವುದು – ಇವು ತಂತ್ರಾಂಶದ ಕೈಪಿಡಿಯಲ್ಲಿ ಇರದಿದ್ದರೂ ಅದರ ಮೊದಲ ಅಧ್ಯಾಯವಾಗಬೇಕಾದ ಸಂಗತಿಗಳು.

ದೊಡ್ಡವರೂ ಎಡವಿದ್ದಾರೆ ಎಂಬುದು ಸಣ್ಣವರಿಗೆ ಒಂದಿಷ್ಟು ಧೈರ್ಯ ಕೊಡಬಹುದು. ಅಮೆರಿಕದ ಫಾಕ್ಸ್‌ಮೇಯರ್ ಎಂಬ ಬೃಹತ್ ಔಷಧ ವಿತರಣಾ ಸಂಸ್ಥೆಯು ಹೊಸ ಈ.ಆರ್.ಪಿ.ಯನ್ನೂ ಯಾಂತ್ರೀಕೃತ ಗೋದಾಮನ್ನೂ ಒಟ್ಟಿಗೆ ಹೂಡಲು ಹೋಗಿ, 1996ರಲ್ಲಿ ದಿವಾಳಿಯೆದ್ದಿತು. ಅದೊಂದೇ ಕಾರಣವೆನ್ನಲಾಗದಿದ್ದರೂ ಪ್ರಮುಖ ಕಾರಣವೆಂದು ಪರಿಗಣಿತವಾಗಿದೆ. ಚಾಕೊಲೇಟ್ ತಯಾರಿಸುವ ಹರ್ಷೀಸ್ ಸಂಸ್ಥೆಯು 1999ರಲ್ಲಿ ಹಬ್ಬದ ಹೊತ್ತಿಗೆ, ಮಾಲು ಗೋದಾಮಿನಲ್ಲಿದ್ದೂ, ಸುಮಾರು 10 ಕೋಟಿ ಡಾಲರ್ ಬೆಲೆಯ ಆದೇಶಗಳನ್ನು ಪೂರೈಸಲಾಗದೆ ಕುಳಿತಿತು. ವರ್ಷದ ಅತಿ ಹೆಚ್ಚು ಕೆಲಸದ ತಿಂಗಳುಗಳ ಬಾಗಿಲಿನಲ್ಲಿ ಹೊಸ ವ್ಯವಸ್ಥೆಯನ್ನು ಆರಂಭಿಸಿದ್ದು ಅವರ ತಪ್ಪು. ಜರ್ಮನಿಯ ಲಿಡ್ಲ್ ಎಂಬ ಅಂಗಡಿ ಸಮೂಹವು ಏಳು ವರ್ಷ ಹೆಣಗಿ 2018ರಲ್ಲಿ ಯೋಜನೆಯನ್ನೇ ಕೈಬಿಟ್ಟಿತು. ಖರ್ಚು ಸುಮಾರು 50 ಕೋಟಿ ಯೂರೋ ಎಂದು ಪತ್ರಿಕೆಗಳು ವರದಿ ಮಾಡಿದವು. ತಮ್ಮ ಹಳೆಯ ಪದ್ಧತಿಗೆ ತಕ್ಕಂತೆ ತಂತ್ರಾಂಶವನ್ನು ಮತ್ತೆ ಮತ್ತೆ ತಿದ್ದಿಸಿದ್ದು ಅಲ್ಲಿ ತೊಡಕಾಯಿತೆಂದು ಹೇಳುತ್ತಾರೆ. ಸಣ್ಣ ಉದ್ಯಮಿಯೂ ತನ್ನ ಬಿಲ್ಲಿನ ಅಂಚಿನ ಗೆರೆ ಹಿಂದಿನಂತೆಯೇ ಇರಬೇಕೆಂದು ಹಟ ಹಿಡಿದು ತಿದ್ದುಪಡಿಗೆ ಹಣ ಸುರಿಯುವುದುಂಟು.

ಔಷಧ ಘಟಕಗಳಿಗೆ ಮಾತ್ರ ಈ ವಿಷಯದಲ್ಲಿ ಆಯ್ಕೆಯ ಅವಕಾಶ ಕಡಮೆ. ಅಲ್ಲಿ ಲೆಕ್ಕವೆಂದರೆ ರೋಗಿಯ ಪ್ರಾಣದ ಲೆಕ್ಕ. ಒಂದು ಮಾತ್ರೆಯಲ್ಲಿ ದೋಷ ಕಂಡರೆ ಅದು ಯಾವ ತಂಡದ್ದು, ಆ ತಂಡಕ್ಕೆ ಯಾವ ಪೀಪಾಯಿಯ ಕಚ್ಚಾ ವಸ್ತು ಹೋಯಿತು, ಅದೇ ಪೀಪಾಯಿಯಿಂದ ಬೇರೆ ಯಾವ ತಂಡಗಳು ತಯಾರಾದವು, ಅವು ಯಾವ ಊರಿನ ಯಾವ ವಿತರಕನನ್ನು ತಲುಪಿವೆ ಎಂಬುದನ್ನು ಗಂಟೆಗಳಲ್ಲಿ ಹೇಳಬೇಕು. ರಿಜಿಸ್ಟರು ತಿರುವುತ್ತ ವಾರ ಕಳೆದರೆ ಔಷಧವು ಆ ವೇಳೆಗೆ ರೋಗಿಯ ಹೊಟ್ಟೆಯಲ್ಲಿರುತ್ತದೆ. ಮೊದಲು ಬಂದದ್ದನ್ನು ಮೊದಲು ಕೊಡುವ ರೂಢಿಯೂ ಇಲ್ಲಿ ಸಾಲದು, ಅವಧಿ ಮೊದಲು ತೀರುವುದನ್ನು ಮೊದಲು ಕೊಡಬೇಕು. 2023ರ ಆಗಸ್ಟ್ 1ರಿಂದ 300 ಜನಪ್ರಿಯ ಔಷಧಗಳ ಮೇಲೆ ಕ್ಯೂ.ಆರ್. ಸಂಕೇತವು ಕಡ್ಡಾಯವಾಯಿತು. ಔಷಧ ತಯಾರಿಕೆಯ ಪರಿಷ್ಕೃತ ನಿಯಮಗಳಲ್ಲಿ, ಅಂದರೆ ಹೊಸ ಶೆಡ್ಯೂಲ್ ಎಂ.ನಲ್ಲಿ, ಗಣಕೀಕೃತ ದಾಖಲೆಗಳ ಸಿಂಧುತ್ವಕ್ಕೂ ಸ್ಥಾನವಿದೆ; ಅರ್ಜಿ ಸಲ್ಲಿಸಿದ ಸಣ್ಣ ಮತ್ತು ಮಧ್ಯಮ ಘಟಕಗಳಿಗೆ 2025ರ ಡಿಸೆಂಬರ್ 31ರವರೆಗೆ ಕಾಲಾವಕಾಶ ಕೊಡಲಾಗಿತ್ತು. ಇಂತಹ ಘಟಕಗಳಿಗೆ ಕವಾಟ, ಡಬ್ಬಿ, ಮುಚ್ಚಳ ಒದಗಿಸುವವರನ್ನೂ ತಂಡದ ಸಂಖ್ಯೆ ಎಲ್ಲಿ ಎಂದು ಕೇಳುವುದು ಸಹಜವೇ.

ಆರಂಭ ಯಾವಾಗ?

ಹಣವಿಲ್ಲದವರು ಎಲ್ಲವನ್ನೂ ಒಂದೇ ಸಲ ಆರಂಭಿಸಬೇಕಾದುದಿಲ್ಲ. ಖರೀದಿ ಮತ್ತು ದಾಸ್ತಾನು ಮೊದಲು. ಅದು ಆರು ತಿಂಗಳು ನೆಟ್ಟಗೆ ನಡೆದ ಮೇಲೆ ತಯಾರಿಕೆ. ಸಂಬಳ, ಹಾಜರಾತಿಗಳು ಕಟ್ಟಕಡೆಗೆ. ಒಪ್ಪಂದದಲ್ಲಿ ಎರಡು ಮಾತುಗಳು ಬರವಣಿಗೆಯಲ್ಲಿರಬೇಕು: ಮಾಹಿತಿಯು ಮಾಲೀಕನದು, ಕೇಳಿದಾಗ ಪೂರ್ತಿಯಾಗಿ ಹೊರತೆಗೆದು ಕೊಡತಕ್ಕದ್ದು, ಪ್ರತಿದಿನದ ನಕಲು ಬೇರೊಂದು ಸ್ಥಳದಲ್ಲಿ ಇರತಕ್ಕದ್ದು. ತಿಂಗಳ ಬಾಡಿಗೆಯ ಮೇಲೆ ದೊರೆಯುವ ತಂತ್ರಾಂಶಗಳಲ್ಲಿ ಮೊದಲನೆಯ ಮಾತು ವಿಶೇಷವಾಗಿ ಮುಖ್ಯ. ತರಬೇತಿಗೆ ದೂರ ಹೋಗಬೇಕಾಗಿಲ್ಲ. 1962ರಲ್ಲಿ ದೆಹಲಿಯಿಂದ ಹೈದರಾಬಾದಿಗೆ ಬಂದು ಯೂಸುಫ್‌ಗುಡದಲ್ಲಿ ನೆಲೆಸಿ, ಇಂದು ಎನ್.ಐ.ಎಂ.ಎಸ್.ಎಂ.ಇ. ಎಂದು ಕರೆಯಲ್ಪಡುವ ರಾಷ್ಟ್ರೀಯ ಸಂಸ್ಥೆ ಇರುವುದೇ ಸಣ್ಣ ಉದ್ಯಮಿಗಳಿಗಾಗಿ.

ಹೊಸ ಲೆಕ್ಕವನ್ನು ಏಪ್ರಿಲ್ 1ಕ್ಕೆ ಆರಂಭಿಸುವುದು ವಾಡಿಕೆ. ಪುಸ್ತಕದ ಶಿಲ್ಕುಗಳು ಸಿದ್ಧವಾಗಿರುತ್ತವೆ ಎಂಬುದೊಂದೇ ಅದರ ಗುಣ. ಮಾರ್ಚಿಯಲ್ಲಿ ಮಾಲು ಕಳುಹಿಸುವ ಅವಸರ, ತೆರಿಗೆಯ ಅವಸರ, ಬ್ಯಾಂಕಿನ ಅವಸರ ಎಲ್ಲವೂ ಕೂಡಿ ಉಗ್ರಾಣವನ್ನು ಎಣಿಸಲು ಯಾರಿಗೂ ಪುರುಸೊತ್ತಿರುವುದಿಲ್ಲ. ಅದರ ಬದಲು ಆಯುಧಪೂಜೆಯ ಸಮಯವನ್ನು ಆರಿಸಿಕೊಳ್ಳಬಹುದು. ದಸರೆಗೆ ಕೆಲಸಗಾರರು ಊರಿಗೆ ಹೋಗುತ್ತಾರೆ, ಯಂತ್ರಗಳು ನಿಂತಿರುತ್ತವೆ, ಅವನ್ನು ಒರೆಸಿ ಕುಂಕುಮವಿಡಲು ಹೇಗೂ ಎಲ್ಲ ಮೂಲೆಗಳನ್ನೂ ಗುಡಿಸಲಾಗುತ್ತದೆ. ಹಬ್ಬದ ಹಿಂದಿನ ಎರಡು ದಿನ ಒಳಗೂ ಹೊರಗೂ ಏನೂ ಚಲಿಸದಂತೆ ನಿಲ್ಲಿಸಿ, ಇಬ್ಬಿಬ್ಬರ ತಂಡಗಳಲ್ಲಿ, ಒಬ್ಬನು ಎಣಿಸಿ ಒಬ್ಬನು ಬರೆದು, ಎಣಿಸಿದ ಡಬ್ಬಿಗೆ ಸೀಮೆಸುಣ್ಣದ ಗುರುತು ಹಾಕುತ್ತ ಹೋಗಬೇಕು. ಹಳೆಯ ಗುಮಾಸ್ತನು ಮಧ್ಯದಲ್ಲಿ ಕುರ್ಚಿ ಹಾಕಿಕೊಂಡು ಕುಳಿತು, ಇದು ಯಾವುದು ಎಂದು ಕೇಳಿದವರಿಗೆಲ್ಲ ಹೆಸರು ಹೇಳಬೇಕು. ಗುರುತಿಲ್ಲದ ಡಬ್ಬಿಗಳು ಮೂಲೆಯಲ್ಲಿ ಉಳಿದರೆ ಪೂಜೆಗೆ ಮುಂಚೆ ಮತ್ತೊಮ್ಮೆ ಎಣಿಸಬೇಕು. ಉಗ್ರಾಣದ ಬೀಗವನ್ನು ಅಂದೇ ಬದಲಾಯಿಸಿ, ಹೊಸ ಬೀಗದ ಕೈಗಳನ್ನು ಯಾರ ಯಾರ ಬಳಿ ಕೊಡಲಾಯಿತೆಂಬುದನ್ನು ಬರೆದಿಡಬೇಕು. ರಾತ್ರಿ ಪಾಳಿಗೂ ಒಬ್ಬನನ್ನು ಗೊತ್ತುಮಾಡಬೇಕು.